ಚಾಕುವಿನ ಹಿಡಿಯ ಬಣ್ಣ

ಚಾಕು ಕೊಳ್ಳುವವನು ನೋಡಬೇಕಾದದ್ದು ಅಲಗನ್ನು. ಉಕ್ಕು ಒಳ್ಳೆಯದೆ, ಬಾಯಿ ಹರಿತವಾಗಿದೆಯೆ, ಬಿಚ್ಚಿದಾಗ ಅಲುಗದೆ ನಿಲ್ಲುತ್ತದೆಯೆ, ಮಡಿಸಿದಾಗ ಭದ್ರವಾಗಿ ಕೂರುತ್ತದೆಯೆ, ಇಷ್ಟು ವಿಚಾರಿಸಿಕೊಂಡರೆ ಸಾಕು ಎಂದು ಬಲ್ಲವರು ಹೇಳಿಯಾರು. ಹಿಡಿಯ ಬಣ್ಣದ ಮಾತೆತ್ತಿದರೆ, 'ನೀನು ಬಳೆ ಕೊಳ್ಳಲು ಬಂದೆಯೋ, ಚಾಕು ಕೊಳ್ಳಲು ಬಂದೆಯೋ?' ಎಂದು ನಕ್ಕರೂ ನಕ್ಕಾರು. ಆದರೆ ಈಗ ಆ ಮಾತನ್ನು ಅಂಗಡಿಯವನೇ ಎತ್ತುತ್ತಾನೆ. ಒಂದೇ ಅಳತೆಯ, ಒಂದೇ ಉಕ್ಕಿನ, ಒಂದೇ ಬೆಲೆಯ ಐದಾರು ಚಾಕುಗಳನ್ನು ಗಾಜಿನ ಮೇಜಿನ ಮೇಲೆ ಸಾಲಾಗಿ ಇಟ್ಟು, 'ಯಾವ ಬಣ್ಣದ್ದು ಕೊಡಲಿ?' ಎನ್ನುತ್ತಾನೆ. ಕೆಂಪು, ಕಪ್ಪು, ಹಳದಿ, ನೀಲಿ, ಗುಲಾಬಿ, ಹಸಿರು. ಬಿಚ್ಚಿ ನೋಡಿದರೆ ಅಲಗುಗಳೆಲ್ಲ ಒಂದೇ ಬೆಳ್ಳಿಬಿಳುಪು. ಕತ್ತರಿಸುವ ಶಕ್ತಿಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲದ ವಸ್ತುಗಳ ನಡುವೆ ಒಂದನ್ನು ಆರಿಸಬೇಕಾಗಿ ಬಂದಾಗ ಮನುಷ್ಯ ಯಾವುದಕ್ಕೆ ಉತ್ತರ ಹೇಳುತ್ತಿದ್ದಾನೆ? ತನ್ನ ಅಭಿರುಚಿಗೆ ಎಂದು ಸಾಮಾನ್ಯವಾಗಿ ತಿಳಿಯುತ್ತೇವೆ. ಅದರೊಳಗೆ ಧರ್ಮಾಧರ್ಮದ ಪ್ರಶ್ನೆಯೊಂದು ಅಡಗಿದೆಯೆಂದು ನನಗೆ ಬಹುಕಾಲದಿಂದ ತೋರಿದೆ.

ನಾನು ಹೇಳುತ್ತಿರುವುದು ಅಡುಗೆಮನೆಯ ಚಾಕುವನ್ನಲ್ಲ. ದಿನವೂ ಜೇಬಿನಲ್ಲಿಟ್ಟುಕೊಂಡು ತಿರುಗುವ, ಮಡಿಸುವ ಸಣ್ಣ ಚಾಕುವನ್ನು. ಸೀಬೆಹಣ್ಣು ಹೆಚ್ಚುವುದಕ್ಕೆ, ಪೆನ್ಸಿಲು ಕೆತ್ತುವುದಕ್ಕೆ, ಅಂಚೆಯಲ್ಲಿ ಬಂದ ಪುಸ್ತಕದ ಕಟ್ಟನ್ನು ಬಿಚ್ಚುವುದಕ್ಕೆ, ಬಿಗಿದ ಸುತಳಿಯ ಗಂಟನ್ನು ಕತ್ತರಿಸುವುದಕ್ಕೆ ಇದಕ್ಕಿಂತ ಒದಗುವ ವಸ್ತು ಇನ್ನೊಂದಿಲ್ಲ. ಇಂಥ ಸಾಧುವಾದ ವಸ್ತುವಿಗೂ ನಮ್ಮ ಭಾಷೆಯಲ್ಲಿ ಎರಡು ಮುಖಗಳುಂಟು. ಹಣ್ಣು ಹೆಚ್ಚುವಾಗ ಅದನ್ನು ಚಾಕು ಎನ್ನುತ್ತೇವೆ. ಬೆನ್ನಿಗೆ ಹಾಕುವ ಮಾತು ಬಂದಾಗ ಚೂರಿ ಎನ್ನುತ್ತೇವೆ. ಚಾಕು ಪಾರಸಿಯ ದಾರಿಯಿಂದ ಬಂದ ಮಾತು. ಚೂರಿ ಸಂಸ್ಕೃತದ ಛುರಿಕೆಯ ನಂಟು. ಅದೇ ಛುರಿಕೆ ಹಳಗನ್ನಡದಲ್ಲಿ ಸುರಿಗೆಯಾಗಿ ವೀರರ ಕೈಯಲ್ಲಿ ಮೆರೆಯಿತು. ಕಬ್ಬಿಣ ಒಂದೇ ಆದರೂ ಹಿಡಿದವನ ಮನಸ್ಸನ್ನು ನೋಡಿ ಹೆಸರು ಬದಲಾಗುತ್ತಿತ್ತು. ಈಚೆಗೆ ಪತ್ರಿಕೆಗಳ ಅಪರಾಧದ ಸುದ್ದಿಗಳಲ್ಲಿ ಚಾಕುವೂ ಚೂರಿಯ ಪಂಕ್ತಿಗೆ ಸೇರಿಹೋಗಿದೆ. ಹೆಸರು ಮಾಡುತ್ತಿದ್ದ ಕೆಲಸವನ್ನು ಈಗ ಬಣ್ಣ ಮಾಡಬೇಕಾಗಿದೆಯೋ ಏನೋ.

ಹಿಂದಿನವರಿಗೆ ಈ ತೊಡಕು ಇರಲಿಲ್ಲ. ಹಿಡಿಯ ಬಣ್ಣವೆಂದರೆ ಹಿಡಿಯನ್ನು ಮಾಡಿದ ವಸ್ತುವಿನ ಬಣ್ಣ. ಮರವಾದರೆ ಮರದ ಬಣ್ಣ, ಕೊಂಬಾದರೆ ಕೊಂಬಿನ ಬಣ್ಣ, ಹಿತ್ತಾಳೆಯಾದರೆ ಹಿತ್ತಾಳೆಯ ಬಣ್ಣ. ನಮ್ಮ ಮಲೆನಾಡಿನ ತೋಟದ ಆಳು ಸೊಂಟದ ಹಿಂದೆ ಸಿಕ್ಕಿಸಿಕೊಂಡು ಹೋಗುವ ಕತ್ತಿಗೆ ಮರದ ಹಿಡಿ. ಅದು ಕಪ್ಪಾಗುವುದು ಅವನ ಕೈಯ ಬೆವರಿನಿಂದ. ಫ್ರಾನ್ಸಿನ ಸವಾಯ್ ಎಂಬ ಬೆಟ್ಟದ ಸೀಮೆಯಲ್ಲಿ ಜೋಸೆಫ್ ಒಪಿನೆಲ್ ಎಂಬುವನು 1890ರಲ್ಲಿ ರೈತರಿಗೆಂದು ಮಾಡಿದ ಮಡಿಸುವ ಚಾಕು ಇಂದಿಗೂ ಅದೇ ರೂಪದಲ್ಲಿ ಮಾರಾಟವಾಗುತ್ತದೆ. ಅದರ ಹಿಡಿ ಬೀಚ್ ಮರದ್ದು. ನಸುಹಳದಿ, ಹೊಲದ ಒಣಹುಲ್ಲಿನ ಬಣ್ಣ. 1955ರಲ್ಲಿ ಅದಕ್ಕೆ ಅಲಗನ್ನು ಬಿಗಿಹಿಡಿಯುವ ಒಂದು ತಿರುಗುವ ಬಳೆಯನ್ನು ಸೇರಿಸಿದರು. ಹಿಡಿಯ ರೂಪ ಮಾತ್ರ ಹಾಗೆಯೇ ಉಳಿಯಿತು. ಅಂಥ ಚಾಕುವನ್ನು ಕೊಳ್ಳುವವನು ಬಣ್ಣವನ್ನು ಆರಿಸುತ್ತಿರಲಿಲ್ಲ. ಬಣ್ಣ ತಾನಾಗಿ ಬರುತ್ತಿತ್ತು. ಆರಿಸದ ವಿಷಯಕ್ಕೆ ಯಾರೂ ಹೊಣೆಗಾರರಲ್ಲ. ಈಗ ಅದೇ ಚಾಕುವೂ ನೀಲಿ, ಹಳದಿ, ಕೆಂಪು ಮೆರುಗಿನಲ್ಲಿ ದೊರೆಯುತ್ತದೆ. ಆಯ್ಕೆ ಬಂದಲ್ಲಿ ಹೊಣೆಯೂ ಹಿಂದೆಯೇ ಬಂತು.

ಬಣ್ಣದ ಹಿಡಿ ಲೋಕಪ್ರಸಿದ್ಧವಾದದ್ದು ಸ್ವಿಟ್ಸರ್‌ಲೆಂಡಿನ ಚಾಕುವಿನಿಂದ. ಶ್ವಿಟ್ಸ್ ಪ್ರಾಂತದ ಇಬಾಕ್ ಎಂಬ ಊರಿನಲ್ಲಿ ಕಾರ್ಲ್ ಎಲ್ಸೆನರ್ ಎಂಬುವರು 1884ರಲ್ಲಿ ಚಾಕು ಮಾಡುವ ಕಾರ್ಖಾನೆಯನ್ನು ತೆರೆದರು. 1891ರಲ್ಲಿ ಅವರು ಸ್ವಿಸ್ ಸೈನ್ಯಕ್ಕೆ ಮೊದಲ ಚಾಕುಗಳನ್ನು ಒದಗಿಸಿದರು. ಅವುಗಳ ಹಿಡಿ ಕಪ್ಪಗೆ ಮಾಡಿದ ಓಕ್ ಮರದ್ದು. ಸಿಪಾಯಿಯು ಡಬ್ಬಿಯ ಮುಚ್ಚಳ ತೆಗೆಯಬೇಕು, ಬಂದೂಕಿನ ತಿರುಪು ಬಿಚ್ಚಬೇಕು. ಆ ಎರಡು ಕೆಲಸಗಳಿಗೂ ಅದರಲ್ಲಿ ಸಾಧನವಿತ್ತು. 1897ರಲ್ಲಿ ಅಧಿಕಾರಿಗಳಿಗೆಂದು ಹೆಚ್ಚು ಹಗುರವೂ ಸೊಗಸೂ ಆದ ಇನ್ನೊಂದು ಮಾದರಿಯನ್ನು ಅವರು ನೋಂದಾಯಿಸಿದರು. ಆ ವಂಶದ ಚಾಕುವೇ ಮುಂದೆ ಬಿಳಿಯ ಶಿಲುಬೆಯ ಗುರುತು ಹೊತ್ತ ಕೆಂಪು ಹಿಡಿಯ ಚಾಕುವಾಗಿ ಜಗತ್ತಿನ ಜೇಬುಗಳನ್ನು ಸೇರಿತು. ಕೆಂಪೇ ಏಕೆ? ಹಿಮದಲ್ಲಿ ಬಿದ್ದರೆ ಥಟ್ಟನೆ ಕಣ್ಣಿಗೆ ಕಾಣಲೆಂದು, ಎಂಬ ವಿವರಣೆ ಬಳಕೆಯಲ್ಲಿದೆ. ಅದೇ ದೇಶದ ಸೈನಿಕರಿಗೆ ಈಗ ಕೊಡುತ್ತಿರುವ ಚಾಕುವಿನ ಹಿಡಿ ಎಲೆಹಸಿರು, ನಡುವೆ ಕಪ್ಪು. ಒಂದೇ ನಾಡು, ಒಂದೇ ಕಾರ್ಖಾನೆ. ನಾಗರಿಕನಿಗೆ ಎದ್ದು ಕಾಣುವ ಬಣ್ಣ, ಸೈನಿಕನಿಗೆ ಅಡಗಿಕೊಳ್ಳುವ ಬಣ್ಣ. ಯುದ್ಧದಲ್ಲಿ ಕಾಣಿಸಿಕೊಳ್ಳದಿರುವುದು ಗುಣ. ಊರಿನಲ್ಲಿ ಕಾಣಿಸಿಕೊಳ್ಳುವುದು ಗುಣ. ಹಿಡಿಯ ಬಣ್ಣದ ನೀತಿ ಈ ಎರಡರ ನಡುವೆ ಎಲ್ಲೋ ಆರಂಭವಾಗುತ್ತದೆ.

ಕಾಣುವ ಬಣ್ಣದ ಲಾಭ ನಮ್ಮಲ್ಲಿ ತಿಳಿಯಬೇಕಾದರೆ ಹಿಮವೇನೂ ಬೇಕಾಗಿಲ್ಲ. ಅಡಕೆಯ ತೋಟದಲ್ಲಿ, ಸೋಗೆ ತರಗು ಹಾಸಿದ ನೆಲದ ಮೇಲೆ ಕಪ್ಪು ಹಿಡಿಯ ಚಾಕುವೊಂದು ಬಿದ್ದರೆ ಅದು ಬಿದ್ದಹಾಗೆಯೇ. ಬೀಳಿಸಿಕೊಂಡವನು ಎರಡು ದಿನ ಹುಡುಕಿ ಕೈಬಿಡುತ್ತಾನೆ. ಆಮೇಲೆ ಅದನ್ನು ಹುಡುಕುವವರು ಬೇರೆ: ಬರಿಗಾಲಿನಲ್ಲಿ ಬರುವ ಹೆಂಗಸು, ಕಾಯಿ ಆರಿಸಲು ಬರುವ ಹುಡುಗ, ಮೇಯುವ ದನ. ಚಾಕು ಬಾಯಿ ತೆರೆದು ಬಿದ್ದಿದ್ದರೆ ಅವರಿಗೆ ಅದು ಕಾಣುವ ಮೊದಲೇ ತಾಕುತ್ತದೆ. ಹಳದಿಯದೋ ಕೆಂಪಿನದೋ ಆಗಿದ್ದರೆ ಹತ್ತು ಮಾರು ದೂರದಿಂದಲೇ 'ಇಲ್ಲಿದ್ದೇನೆ, ಜೋಕೆ' ಎಂದು ಹೇಳುತ್ತಿತ್ತು. ಆದುದರಿಂದ ಕಾಣುವ ಬಣ್ಣವನ್ನು ಆರಿಸುವುದು ತನ್ನ ಹಣ ಉಳಿಸುವ ಜಾಣತನವಷ್ಟೇ ಆಗಿ ನಿಲ್ಲುವುದಿಲ್ಲ. ನನ್ನ ಕೈ ತಪ್ಪಿದ ವಸ್ತು ಇನ್ನೊಬ್ಬರ ಕಾಲಿಗೆ ಸಿಕ್ಕೀತೆಂಬ ಎಚ್ಚರ ಅದರಲ್ಲಿದೆ. ಗಾಯ ಮಾಡಬಲ್ಲ ವಸ್ತು ಕಣ್ಣು ತಪ್ಪಿಸಿಕೊಂಡು ಇರಕೂಡದು ಎಂಬುದು ಈ ವಿಷಯದ ಮೊದಲನೆಯ ನಿಯಮವೆಂದು ನಾನು ಒಪ್ಪುತ್ತೇನೆ.

ಇನ್ನು ಜನರ ನಡುವೆ ಚಾಕು ತೆಗೆಯುವ ಸಂದರ್ಭ. ನನ್ನಲ್ಲಿ ಎರಡು ಚಾಕುಗಳಿವೆ. ಎರಡರ ಅಲಗೂ ಎರಡೂವರೆ ಅಂಗುಲ. ಒಂದರ ಹಿಡಿ ಕಪ್ಪು, ಇನ್ನೊಂದರದು ಕೆಂಪು. ಅಧ್ಯಾಪಕರ ಕೊಠಡಿಯಲ್ಲಿ ಪುಸ್ತಕದ ಕಟ್ಟನ್ನು ಬಿಚ್ಚಲು ಕಪ್ಪು ಚಾಕುವನ್ನು ತೆಗೆದ ದಿನ ಪಕ್ಕದ ಮೇಜಿನ ಸಹೋದ್ಯೋಗಿಯೊಬ್ಬರು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿ, "ಏನ್ರೀ ಇದು, ಇಂಥದ್ದನ್ನೆಲ್ಲ ಇಟ್ಟುಕೊಂಡಿದ್ದೀರಿ!" ಎಂದರು. ಒಂದೆರಡು ವಾರ ಕಳೆದ ಮೇಲೆ ಅದೇ ಕೆಲಸಕ್ಕೆ ಕೆಂಪು ಚಾಕು ತೆಗೆದೆ. ಅವರೇ ಕೈ ನೀಡಿ, "ಬಹಳ ಚೆನ್ನಾಗಿದೆಯಲ್ಲ, ಎಲ್ಲಿ ಕೊಂಡಿರಿ?" ಎಂದು ತಿರುಗಿಸಿ ತಿರುಗಿಸಿ ನೋಡಿದರು. ಅವರು ವಿವೇಕಿಗಳಲ್ಲವೆಂದು ನಾನು ಹೇಳುತ್ತಿಲ್ಲ. ಕನ್ನಡ ನಾಡಿನ ಇತಿಹಾಸವನ್ನು ನನಗಿಂತ ಚೆನ್ನಾಗಿ ಬಲ್ಲವರು. ಅಲಗಿನ ಉದ್ದವನ್ನು ಅಳೆಯುವುದಕ್ಕೆ ಮೊದಲೇ ಅವರ ಕಣ್ಣು ಬಣ್ಣವನ್ನು ಓದಿ ಮುಗಿಸಿತ್ತು. ಎಲ್ಲರ ಕಣ್ಣೂ ಹಾಗೆಯೇ.

ಬಣ್ಣಕ್ಕೂ ಭಾವಕ್ಕೂ ನಂಟು ಹಚ್ಚುವುದು ನಮ್ಮಲ್ಲಿ ಹಳೆಯ ವಿದ್ಯೆ. ಭರತನ ನಾಟ್ಯಶಾಸ್ತ್ರದ 6ನೆಯ ಅಧ್ಯಾಯದಲ್ಲಿ ರಸಗಳಿಗೆ ಬಣ್ಣಗಳನ್ನು ಹೇಳಿದೆ. ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳಿ, ರೌದ್ರಕ್ಕೆ ಕೆಂಪು, ಭಯಾನಕಕ್ಕೆ ಕಪ್ಪು, ಅದ್ಭುತಕ್ಕೆ ಹಳದಿ. ಭರತನ ಲೆಕ್ಕದಲ್ಲಿ ನನ್ನ ಕಪ್ಪು ಚಾಕು ಭಯಾನಕವಾದದ್ದು ಸರಿಯೇ. ಆದರೆ ಕೆಂಪು ಚಾಕು ರೌದ್ರವಾಗಬೇಕಾಗಿತ್ತು! ಯಕ್ಷಗಾನದ ರಾಕ್ಷಸನ ಮುಖದ ಮೇಲೆ ಕೆಂಪು ಬಂದರೆ ಮಕ್ಕಳು ತಾಯಿಯ ಮಡಿಲಿಗೆ ಓಡುತ್ತಾರೆ. ಅದೇ ಕೆಂಪು ಚಾಕುವಿನ ಹಿಡಿಗೆ ಬಂದರೆ ಜನ ಮುಗುಳುನಗುತ್ತಾರೆ. ಏಕೆಂದರೆ ಕೆಂಪು ಹಿಡಿಯ ಚಾಕು ಪ್ರವಾಸಿಯ ಚಾಕು, ಹಣ್ಣು ಹೆಚ್ಚುವ ಚಾಕು ಎಂದು ನೂರಕ್ಕೂ ಹೆಚ್ಚು ವರ್ಷಗಳ ಬಳಕೆ ಅವರಿಗೆ ಕಲಿಸಿದೆ. ಬಣ್ಣದ ಅರ್ಥ ಬಣ್ಣದೊಳಗೆ ಇಲ್ಲ, ನೋಡುವವರ ನೆನಪಿನಲ್ಲಿದೆ. ಶಬ್ದಕ್ಕೆ ಅರ್ಥ ರೂಢಿಯಿಂದ ಬರುವಹಾಗೆ ಇದಕ್ಕೂ ರೂಢಿಯಿಂದಲೇ ಬರುತ್ತದೆ.

ಹಾಗಾದರೆ ಆ ರೂಢಿಗೆ ನಾನೇಕೆ ತಲೆಬಾಗಬೇಕು? ನನ್ನ ಮನಸ್ಸು ಶುದ್ಧವಾಗಿದೆ, ಚಾಕು ಸೀಬೆಹಣ್ಣಿಗೆ, ಹೆದರುವವರು ಹೆದರಿಕೊಳ್ಳಲಿ ಎನ್ನುವವರುಂಟು. ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಬೇರೆಯವರ ಭಯಕ್ಕೆಲ್ಲ ನಾನೇ ಹೊಣೆಯೆಂದು ಹೊರಟರೆ ಮನುಷ್ಯ ಮನೆ ಬಿಟ್ಟು ಹೊರಡುವಂತಿಲ್ಲ. ಆದರೂ ಒಂದು ಮಾತಿದೆ. ನನ್ನ ಮನಸ್ಸು ನನಗೆ ಮಾತ್ರ ಕಾಣುತ್ತದೆ. ಎದುರಿನವನಿಗೆ ಕಾಣುವುದು ಹಿಡಿ. ಕಾಣದ ಮನಸ್ಸಿನ ಮೇಲೆ ನಂಬಿಕೆ ಇಡು ಎಂದು ಅವನನ್ನು ಒತ್ತಾಯಿಸುವುದಕ್ಕಿಂತ, ಕಾಣುವುದನ್ನು ಒಂದಿಷ್ಟು ಸೌಮ್ಯವಾಗಿಟ್ಟುಕೊಳ್ಳುವುದು ನನಗೆ ಸುಲಭ. ನಮ್ಮ ಮನೆಗಳಲ್ಲಿ ಚಾಕುವನ್ನು ಕೈಯಿಂದ ಕೈಗೆ ಕೊಡುವ ವಾಡಿಕೆಯಿಲ್ಲ. ಕೆಳಗೆ ಇಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಕೈಗೆ ಕೊಟ್ಟರೆ ಜಗಳ ಬರುತ್ತದೆಂದು ಅಜ್ಜಿಯರು ಹೇಳುತ್ತಿದ್ದರು. ಕೊಡಲೇಬೇಕಾದರೆ ಹಿಡಿಯನ್ನು ಮುಂದೆ ಮಾಡಿ ಕೊಡುವುದು ಮರ್ಯಾದೆ. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವ ಮೊದಲು ಅದರ ತಿರುಳನ್ನು ನೋಡಬೇಕು. ಅಲಗು ನನ್ನ ಕಡೆಗಿರಲಿ, ಹಿಡಿ ನಿನ್ನ ಕಡೆಗಿರಲಿ ಎಂದು ಹೇಳುವ ಸೌಜನ್ಯ ಅದು. ಬಣ್ಣ ಆರಿಸುವುದೂ ಅದೇ ಜಾತಿಯ ಸೌಜನ್ಯ. ದೂರದಿಂದಲೇ ಹಿಡಿಯನ್ನು ಎದುರಿನವನ ಕಡೆಗೆ ತಿರುಗಿಸುವ ಕ್ರಮ ಎಂದುಕೊಳ್ಳಬಹುದು.

ಸಮಾಜ ಒಮ್ಮೆ ಅರ್ಥವನ್ನು ಒಪ್ಪಿಕೊಂಡರೆ ಭಯ ಹೇಗೆ ಕರಗುತ್ತದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಉದಾಹರಣೆಯಿದೆ. ಕೊಡಗಿನ ಮದುವೆಯಲ್ಲಿ ಗಂಡಸರು ಕುಪ್ಯ ತೊಟ್ಟು, ಕೆಂಪು ಚೇಲೆ ಬಿಗಿದು, ಅದರೊಳಗೆ ಪೀಚೆಕತ್ತಿಯನ್ನು ಸಿಕ್ಕಿಸಿಕೊಂಡು ಓಡಾಡುತ್ತಾರೆ. ಬೆಳ್ಳಿಯ ಕುಸುರಿಯ ಆ ಕತ್ತಿ ಎಲ್ಲರ ಕಣ್ಣಿಗೂ ಬೀಳುವಂತೆ ಹೊಟ್ಟೆಯ ಮುಂದೆಯೇ ಇರುತ್ತದೆ. ಮಕ್ಕಳು ಅದರ ಸರಪಣಿಯನ್ನು ಹಿಡಿದು ಆಡುತ್ತವೆ. ಯಾರೂ ಬೆಚ್ಚುವುದಿಲ್ಲ. ಸಿಖ್ಖರ ಕಿರ್ಪಾನಿನ ವಿಷಯವಂತೂ ನಮ್ಮ ಸಂವಿಧಾನದಲ್ಲಿಯೇ ಬಂದಿದೆ. 25ನೆಯ ವಿಧಿಯ ವಿವರಣೆಯಲ್ಲಿ ಅದನ್ನು ಧರಿಸುವುದು ಸಿಖ್ ಧರ್ಮಾಚರಣೆಯ ಭಾಗವೆಂದು ಹೇಳಿದೆ. ಈ ಎರಡರಲ್ಲಿಯೂ ಅಲಗು ನಿಜವಾದ ಅಲಗೇ. ಅದು ಬಚ್ಚಿಟ್ಟದ್ದಲ್ಲ, ಅದರ ಅರ್ಥ ಎಲ್ಲರಿಗೂ ಗೊತ್ತು. ಆದುದರಿಂದ ಅದು ಭೀತಿಯನ್ನು ಹುಟ್ಟಿಸುವುದಿಲ್ಲ. ಜೇಬಿನ ಚಾಕುವಿಗೆ ಅಂಥ ಪರಂಪರೆಯಿಲ್ಲ, ಉಡುಪಿನ ಗೌರವವಿಲ್ಲ. ಅದಕ್ಕಿರುವ ಉಡುಪೆಲ್ಲ ಹಿಡಿಯ ಬಣ್ಣವೊಂದೇ.

ಇಲ್ಲಿಯವರೆಗೆ ಓದಿದವರು, ಹಾಗಾದರೆ ಮಾತು ಮುಗಿಯಿತು, ಎಲ್ಲರೂ ಕೆಂಪು ಹಳದಿ ಚಾಕುಗಳನ್ನು ಕೊಳ್ಳಲಿ, ಕಪ್ಪನ್ನು ಅಂಗಡಿಗಳಿಂದ ತೆಗೆದುಹಾಕಲಿ ಎನ್ನಬಹುದು. ಅಷ್ಟು ಸುಲಭವಾಗಿ ಮುಗಿಯುವ ಮಾತಲ್ಲ ಇದು. ಬಣ್ಣ ಸೌಜನ್ಯವನ್ನು ಹೇಳಬಲ್ಲದು ಎಂದರೆ ಸುಳ್ಳನ್ನೂ ಹೇಳಬಲ್ಲದು. ಗುಲಾಬಿ ಹಿಡಿಯ ಚಾಕು ಒಂದು ಕೂದಲೆಳೆಯಷ್ಟೂ ಕಡಿಮೆ ಕೊಯ್ಯುವುದಿಲ್ಲ. ಉತ್ತರ ಪ್ರದೇಶದ ರಾಂಪುರದ ಚಾಕುವನ್ನು ನೋಡಿ. ಅದರ ಹಿತ್ತಾಳೆಯ ಹಿಡಿ ಪೂಜೆಯ ಪಾತ್ರೆಯ ಬಣ್ಣದ್ದು, ಕುಸುರಿಯಿಂದ ಕಂಗೊಳಿಸುವಂಥದು. ಆದರೂ ಹಿಂದಿ ಚಲನಚಿತ್ರಗಳ ಖಳರ ಕೈಯಲ್ಲಿ ಓಡಾಡಿ ಅದರ ಹೆಸರೇ ಬೆದರಿಕೆಯಾಯಿತು. ಅದೇ ಊರಿನವರು 2023ರಲ್ಲಿ ಒಂದು ವೃತ್ತದಲ್ಲಿ ಸುಮಾರು 20 ಅಡಿಯ ಚಾಕುವಿನ ಪ್ರತಿಕೃತಿಯನ್ನು ನಿಲ್ಲಿಸಿ ತಮ್ಮ ಕುಶಲಕರ್ಮಿಗಳ ಕೀರ್ತಿಯನ್ನು ಸಾರಿದರು. ಹಿತ್ತಾಳೆಯ ಹೊಳಪಿನಲ್ಲಿ ಒಬ್ಬನಿಗೆ ಕಂಡದ್ದು ಕೊಲೆ, ಇನ್ನೊಬ್ಬನಿಗೆ ಕಂಡದ್ದು ಕಲೆ.

ಬ್ರಿಟನ್ನಿನ ಕಾನೂನು ಈ ದಾರಿಯಲ್ಲಿ ನಡೆದು ಎಡವಿದ ಕತೆ ಇನ್ನೂ ಬೋಧಕವಾಗಿದೆ. ಅಲ್ಲಿ 1988ರ ಕಾನೂನಿನಂತೆ 3 ಅಂಗುಲಕ್ಕೆ ಮೀರದ, ಮಡಿಸುವ ಜೇಬಿನ ಚಾಕುವನ್ನು ಇಟ್ಟುಕೊಳ್ಳಲು ಕಾರಣ ಹೇಳಬೇಕಾಗಿಲ್ಲ. ಹಾಗೆ ನೋಡಿದರೆ ಅಳತೆಯ ಕಾನೂನು, ನ್ಯಾಯವಾದದ್ದೇ. ಆಮೇಲೆ ಭೀಕರವಾದ ಅಲಂಕಾರದ ದೊಡ್ಡ ಚಾಕುಗಳು ಹುಡುಗರ ಕೈಗೆ ಬರತೊಡಗಿದವು. ಅವುಗಳನ್ನು 'ಝಾಂಬಿ ಚಾಕು' ಎಂದು ಕರೆದರು. 2016ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಅವುಗಳನ್ನು ನಿಷೇಧಿಸಿದಾಗ ಕೊಟ್ಟ ಲಕ್ಷಣಗಳಲ್ಲಿ ಒಂದು, ಹಿಂಸೆಯನ್ನು ಸೂಚಿಸುವ ಚಿತ್ರವೋ ಮಾತೋ ಅದರ ಮೇಲೆ ಇರಬೇಕು ಎಂಬುದು. ಮಾರುವವರು ಏನು ಮಾಡಿದರು? ಚಿತ್ರವನ್ನೂ ಮಾತನ್ನೂ ಅಳಿಸಿದರು. ಅಲಗನ್ನು ಹಾಗೆಯೇ ಉಳಿಸಿಕೊಂಡರು. ಕಡೆಗೆ 2024ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಹೊಸ ನಿಯಮ, ಮೇಲಿನ ಅಲಂಕಾರವನ್ನು ಬಿಟ್ಟು ಅಲಗಿನ ಉದ್ದವನ್ನೂ ಆಕಾರವನ್ನೂ ಹಿಡಿಯಬೇಕಾಯಿತು. ಕೇಡು ಬಗೆಯುವವನು ಯಾವ ಬಣ್ಣ ಸಾಧುವೆಂಬುದನ್ನು ಸಾಧುಗಳಿಗಿಂತ ಬೇಗ ಕಲಿಯುತ್ತಾನೆ ಎಂಬುದು ಇದರಿಂದ ತಿಳಿಯುತ್ತದೆ. ಬಣ್ಣವನ್ನು ನಂಬಿ ಮನುಷ್ಯನನ್ನು ನಂಬುವುದು ಅಪಾಯ.

ಬಣ್ಣವನ್ನು ನಂಬಿ ಮನುಷ್ಯನನ್ನು ಸಂದೇಹಿಸುವುದು ಅದಕ್ಕಿಂತ ದೊಡ್ಡ ಅಪಾಯ. ನಾನು ಬಲ್ಲ ಒಂದು ಕಾಲೇಜಿನಲ್ಲಿ, ಮುಂಗಾರಿನ ದಿನಗಳಲ್ಲಿ ನಡೆದ ಪದವಿ ಪರೀಕ್ಷೆಯ ಸಮಯ. ಬಾಗಿಲಿನಲ್ಲಿ ಚೀಲಗಳನ್ನು ತಪಾಸಣೆ ಮಾಡುತ್ತಿದ್ದವರಿಗೆ ಒಬ್ಬ ಹುಡುಗನ ಚೀಲದಲ್ಲಿ ಕಪ್ಪು ಹಿಡಿಯ ಮಡಿಸುವ ಚಾಕು ಸಿಕ್ಕಿತು. ಅಂಗಿಯ ತೋಳು ಮಾಸಿತ್ತು, ಉಗುರುಗಳಲ್ಲಿ ಮಣ್ಣಿತ್ತು. ಅವನನ್ನು ಪ್ರಾಂಶುಪಾಲರ ಕೊಠಡಿಗೆ ಕರೆದುಕೊಂಡು ಬಂದರು. ಪೊಲೀಸರಿಗೆ ಹೇಳಬೇಕೆ, ತಂದೆಯನ್ನು ಕರೆಸಬೇಕೆ ಎಂಬ ಚರ್ಚೆ ನಡೆಯಿತು. ಪರೀಕ್ಷೆಯ ಕೆಲಸಕ್ಕೆ ಬಂದಿದ್ದ ನಾನೂ ಅಲ್ಲಿದ್ದೆ. ಹುಡುಗ ಏನನ್ನೋ ಹೇಳಲು ಹೋಗಿ ತೊದಲುತ್ತಿದ್ದ. ತೊದಲಿದ್ದೂ ಅವನ ವಿರುದ್ಧದ ಸಾಕ್ಷಿಯಾಯಿತು. ಆ ಮೇಜಿನ ಮೇಲೆಯೇ ಲಕೋಟೆ ಒಡೆಯುವ ಹಿತ್ತಾಳೆಯ ಪುಟ್ಟ ಕತ್ತಿಯೊಂದು ಪೆನ್ನುಗಳ ನಡುವೆ ನಿಂತಿತ್ತು. ಅದರ ಉದ್ದ ಹುಡುಗನ ಚಾಕುವಿಗಿಂತ ಎರಡರಷ್ಟು. ಅದನ್ನು ಕಂಡು ಯಾರೂ ಗಾಬರಿಯಾಗಿರಲಿಲ್ಲ.

ಟೀ ತಂದಿಟ್ಟ ಹಿರಿಯ ಜವಾನ ಆ ಚಾಕುವನ್ನು ಎತ್ತಿಕೊಂಡು, ಬಿಚ್ಚಿ, ಅಲಗನ್ನು ಬೆಳಕಿಗೆ ಹಿಡಿದು ನೋಡಿದ. ಹೆಬ್ಬೆರಳಿನಿಂದ ಮೆಲ್ಲನೆ ಸವರಿದ. ಆಮೇಲೆ ಹುಡುಗನ ಕಡೆ ತಿರುಗಿ, "ಮಾವಿನ ಕಸಿಗೆ ಹೋಗ್ತೀಯೇನಪ್ಪಾ?" ಎಂದ. "ಹೌದಣ್ಣ, ಬೆಳಿಗ್ಗೆ ಹೊತ್ತು ನರ್ಸರಿಗೆ ಹೋಗ್ತೀನಿ" ಎಂದ ಹುಡುಗ. ಜವಾನ ಪ್ರಾಂಶುಪಾಲರಿಗೆ, "ಸಾರ್, ಇದು ಕಸಿ ಚಾಕು. ಒಂದೇ ಮಗ್ಗುಲಿಗೆ ಸಾಣೆ ಹಿಡಿದಿದೆ, ನೋಡಿ. ಬುಡದಲ್ಲಿ ಸೊನೆ ಅಂಟಿದೆ" ಎಂದು ತೋರಿಸಿದ. ಚೀಲವನ್ನು ಮತ್ತೊಮ್ಮೆ ನೋಡಿದಾಗ ಚಾಕುವಿದ್ದ ಕಡೆಯೇ ಕಸಿ ಕಟ್ಟಲು ಕತ್ತರಿಸಿದ ಪ್ಲಾಸ್ಟಿಕ್ ಪಟ್ಟಿಗಳ ಕಟ್ಟೂ ಇತ್ತು. ಮೊದಲು ಚೀಲ ನೋಡಿದವರ ಕಣ್ಣಿಗೆ ಅದೂ ಬಿದ್ದಿರಲೇಬೇಕು. ಅದಕ್ಕೆ ಅರ್ಥ ಹೇಳುವವರು ಇರಲಿಲ್ಲ. ಚಾಕುವನ್ನು ಪರೀಕ್ಷೆ ಮುಗಿಯುವವರೆಗೆ ಕಚೇರಿಯಲ್ಲಿ ಇರಿಸಿಕೊಂಡು ಹುಡುಗನನ್ನು ಕಳುಹಿಸಿದರು. ಮೂರು ಗಂಟೆಯ ಪರೀಕ್ಷೆಯಲ್ಲಿ ಮೂವತ್ತೈದು ನಿಮಿಷ ಅವನಿಗೆ ನಷ್ಟವಾಗಿತ್ತು. ಸಂಜೆ ಅವನು ಚಾಕುವನ್ನು ತೆಗೆದುಕೊಂಡು ಹೋಗಲು ಬಂದಾಗ, ಕಪ್ಪು ಬಣ್ಣದ್ದನ್ನೇ ಏಕೆ ಕೊಂಡೆ ಎಂದು ನಾನು ಕೇಳಿದೆ. "ಅಂಗಡಿಯಲ್ಲಿ ಇದ್ದದ್ದು ಅದೊಂದೇ, ಸಾರ್" ಎಂದ.

ಪರೀಕ್ಷೆಯ ಕೊಠಡಿಗೆ ಚಾಕು ಬರಬಾರದೆಂಬ ನಿಯಮ ಸರಿಯಾದದ್ದೇ. ಅದರ ಮೇಲೆ ನನ್ನ ತಕರಾರಿಲ್ಲ. ವಿಮಾನದಲ್ಲಿಯೂ ಕೈಚೀಲದಲ್ಲಿ ಚಾಕು ಒಯ್ಯುವಂತಿಲ್ಲ. ವಿಮಾನ ನಿಲ್ದಾಣದ ಎಕ್ಸ್-ರೇ ಯಂತ್ರಕ್ಕೆ ಹಿಡಿಯ ಬಣ್ಣ ಗೊತ್ತೇ ಆಗುವುದಿಲ್ಲ. ಅದು ತನ್ನದೇ ಬಣ್ಣಗಳನ್ನು ಬಳಿಯುತ್ತದೆ: ಲೋಹಕ್ಕೆ ನೀಲಿ, ಮರ ಪ್ಲಾಸ್ಟಿಕ್‌ಗಳಿಗೆ ಕಿತ್ತಳೆ. ಕಪ್ಪು ಚಾಕುವೂ ಗುಲಾಬಿ ಚಾಕುವೂ ಅದರ ಪರದೆಯ ಮೇಲೆ ಅಣ್ಣತಮ್ಮಂದಿರು. ಚಾಕುವಿಗೆ ಪ್ರವೇಶವಿಲ್ಲ ಎನ್ನುವ ಯಂತ್ರ, ಚಾಕು ತಂದವನು ಎಂಥವನೆಂದು ತೀರ್ಪು ಕೊಡಲು ಹೋಗುವುದಿಲ್ಲ. ಆ ದಿನ ಕೊಠಡಿಯಲ್ಲಿ ನಡೆದದ್ದು ಎರಡನೆಯದು. ನಿಯಮ ಹೇಳಿದ್ದು, ಚಾಕುವನ್ನು ಹೊರಗಿಡು ಎಂದು. ಕಪ್ಪು ಹಿಡಿ ಮತ್ತು ಮಾಸಿದ ತೋಳು ಸೇರಿ ಹೇಳಿಸಿದ್ದು, ಈ ಹುಡುಗ ಕೆಟ್ಟವನು ಎಂದು. ಅಧ್ಯಾಪಕರ ಕೊಠಡಿಯಲ್ಲಿ ನನ್ನ ಕಪ್ಪು ಚಾಕು ಬೇಡಿದ್ದು ಕುರ್ಚಿ ಒಂದು ಗೇಣು ಸರಿಯುವಷ್ಟು ಭಯವನ್ನು. ಅದೇ ಕಪ್ಪು ಅವನ ಕೈಯಲ್ಲಿ ಪೊಲೀಸರ ಮಾತಿನವರೆಗೆ ಹೋಯಿತು. ಹಿಡಿಯ ಬಣ್ಣವನ್ನು ಓದುವ ಮೊದಲು ಕಣ್ಣು, ಹಿಡಿದ ಕೈಯನ್ನು ಓದಿರುತ್ತದೆ.

ಇದರಿಂದ ನನಗೆ ತೋರುವ ತೀರ್ಮಾನ ಹೀಗಿದೆ. ಹಿಡಿಯ ಬಣ್ಣದ ನೀತಿ ಎರಡು ಕಡೆಗೂ ಒಂದೇ ಅಲ್ಲ. ನಾನು ಕೊಳ್ಳುವಾಗ ಬಣ್ಣವನ್ನು ಕುರಿತು ಯೋಚಿಸುವುದು ನನ್ನ ಕರ್ತವ್ಯ. ಅದು ಕಳೆದುಹೋದಾಗ ಯಾರ ಕಾಲಿಗೂ ಸಿಗದಂತೆ ಕಾಣಬೇಕು. ಜನರ ನಡುವೆ ತೆಗೆದಾಗ ವೃಥಾ ಭಯ ಹುಟ್ಟಿಸಬಾರದು. ಆಟಿಕೆಯೆಂದು ಮಕ್ಕಳು ಕೈಹಾಕುವಷ್ಟು ಮುದ್ದಾಗಿಯೂ ಇರಬಾರದು. ಆದರೆ ಇನ್ನೊಬ್ಬನ ಕೈಯಲ್ಲಿ ಚಾಕುವನ್ನು ನೋಡುವಾಗ, ಅದರ ಬಣ್ಣವನ್ನು ಅವನ ಗುಣಕ್ಕೆ ಸಾಕ್ಷಿಯಾಗಿ ತೆಗೆದುಕೊಳ್ಳುವ ಹಕ್ಕು ನನಗಿಲ್ಲ. ನಾನು ಆರಿಸುವಾಗ ಬಣ್ಣ ಕರ್ತವ್ಯ. ನಾನು ನೋಡುವಾಗ ಅದು ಪ್ರಮಾಣವಲ್ಲ.

ಇದು ಅಸಂಗತವೆಂದು ತಾರ್ಕಿಕರು ಹೇಳಬಹುದು. ಬಣ್ಣ ಮಾತಾಡುವುದಾದರೆ ಎಲ್ಲರ ಬಣ್ಣವೂ ಮಾತಾಡಬೇಕು. ನನ್ನದಕ್ಕೆ ಅರ್ಥವಿದ್ದು ಅವನದಕ್ಕೆ ಅರ್ಥವಿಲ್ಲವೆಂದರೆ ಹೇಗೆ? ಹೀಗೆ: ಆರು ಬಣ್ಣಗಳ ಮುಂದೆ ನಿಂತು ಒಂದನ್ನು ಎತ್ತಿಕೊಂಡವನ ಬಣ್ಣ ಮಾತು, ಇದ್ದ ಒಂದನ್ನೇ ಕೊಂಡವನ ಬಣ್ಣ ಮೌನ. ಹೊರಗಿನಿಂದ ನೋಡುವ ನನಗೆ ಯಾವುದು ಮಾತು ಯಾವುದು ಮೌನ ಎಂದು ತಿಳಿಯುವ ಬಗೆಯಿಲ್ಲ. ಇದಲ್ಲದೆ ಸೌಜನ್ಯವೆಂಬುದು ಕೊಡುವ ವಸ್ತು. ವಸೂಲು ಮಾಡುವ ವಸ್ತುವಲ್ಲ. ಹಾದಿಯಲ್ಲಿ ಎದುರಾದವರಿಗೆ ನಾನು ಮೊದಲು ನಮಸ್ಕಾರ ಮಾಡುವುದು ಒಳ್ಳೆಯದು. ನಮಸ್ಕಾರ ಮಾಡದವನನ್ನು ಕಳ್ಳನೆಂದು ಹಿಡಿದು ನಿಲ್ಲಿಸಿದರೆ ಅದು ಸೌಜನ್ಯವಾಗದು, ದಬ್ಬಾಳಿಕೆಯಾದೀತು. ನಮ್ಮ ಬಹುಪಾಲು ಸದ್ಗುಣಗಳು ಹೀಗೆ ಕೆಟ್ಟಿವೆ: ತನಗೆಂದು ಇಟ್ಟುಕೊಂಡ ನಿಯಮವನ್ನು ಮನುಷ್ಯ ಮೆಲ್ಲನೆ ನೆರೆಯವನ ಮೇಲಕ್ಕೆ ತಿರುಗಿಸುತ್ತಾನೆ.

ಭಯವನ್ನು ಪೂರ್ತಿಯಾಗಿ ತೊಡೆಯುವ ಉಪಾಯವನ್ನು ಈಗ ಹುಡುಕುತ್ತಿರುವವರೂ ಇದ್ದಾರೆ. ಇಬಾಕಿನ ಅದೇ ಕಂಪನಿಯ ಮುಖ್ಯಸ್ಥರು 2024ರಲ್ಲಿ, ಅಲಗೇ ಇಲ್ಲದ ಜೇಬಿನ ಉಪಕರಣಗಳ ವಿಚಾರವನ್ನು ತಾವು ಮಾಡುತ್ತಿರುವುದಾಗಿ ಹೇಳಿದರು. ಕಾನೂನುಗಳು ಬಿಗಿಯಾಗುತ್ತಿರುವಾಗ ವ್ಯಾಪಾರಿಯಾದವನು ಹಾಗೆ ಯೋಚಿಸಬೇಕಾದದ್ದೇ. ಆದರೆ ಎಲ್ಲ ಅಲಗುಗಳನ್ನೂ ಕಿತ್ತು ಬರಿಯ ಬಣ್ಣದ ಹಿಡಿಗಳನ್ನು ಉಳಿಸಿಕೊಂಡ ಲೋಕದಲ್ಲಿ ಕಸಿ ಕಟ್ಟುವವರು ಯಾರು? ಮಾವಿನ ಗಿಡಕ್ಕೆ ಹರಿತವಾದ ಅಲಗು ಬೇಕು. ಮೊಂಡಾದ ಅಲಗು ತೊಗಟೆಯನ್ನು ಜಜ್ಜಿಬಿಡುತ್ತದೆ, ಕಸಿ ಕೂಡುವುದಿಲ್ಲ. ಗಾಯ ಮಾಡಬಲ್ಲ ವಸ್ತು ಮಾತ್ರವೇ ಎರಡು ಗಿಡಗಳನ್ನು ಒಂದು ಮಾಡಬಲ್ಲದು. ಅಂಥ ವಸ್ತುಗಳ ನಡುವೆಯೇ ನಾವು ಒಬ್ಬರನ್ನೊಬ್ಬರು ನಂಬಿ ಬಾಳಬೇಕಾಗಿದೆ. ಆ ಜವಾನನಿಗೆ ನಂಬಿಕೆ ಬಂದದ್ದು ಹಿಡಿಯ ಬಣ್ಣದಿಂದಲ್ಲ. ಅವನು ಅಲಗನ್ನು ಬೆಳಕಿಗೆ ಹಿಡಿದು ನೋಡಿದ, ಕೆಲಸವನ್ನು ಗುರುತಿಸಿದ, ಹುಡುಗನನ್ನು ಒಂದು ಮಾತು ಕೇಳಿದ. ಓದು ಎಂದರೆ ಅದು.

ಯಾರಾದರೂ ನನ್ನನ್ನು ಯಾವ ಬಣ್ಣದ ಚಾಕು ಕೊಳ್ಳಲಿ ಎಂದು ಕೇಳಿದರೆ, ಹಳದಿಯದೋ ಕೆಂಪಿನದೋ ಕೊಳ್ಳಿ, ಹುಲ್ಲಿನಲ್ಲಿ ಬಿದ್ದರೆ ಕಾಣುತ್ತದೆ ಎನ್ನುತ್ತೇನೆ. ಅಂಗಡಿಯಲ್ಲಿ ಕಪ್ಪೊಂದೇ ಇದ್ದರೆ ಅದನ್ನೇ ಕೊಳ್ಳಿ. ಹಿಡಿಯ ತೂತಿಗೆ ಒಂದು ಕೆಂಪು ದಾರ ಕಟ್ಟಿ. ನಾಲ್ಕು ಜನರ ನಡುವೆ ತೆಗೆಯುವ ಮೊದಲು, ಹಣ್ಣು ಹೆಚ್ಚುತ್ತೇನೆ ಎಂದು ಒಂದು ಮಾತು ಹೇಳಿ ತೆಗೆಯಿರಿ. ಯಾರಾದರೂ ಕೇಳಿದರೆ ಮಡಿಸಿ, ಹಿಡಿಯನ್ನು ಮುಂದೆ ಮಾಡಿ ಕೊಡಿ. ಬಣ್ಣವನ್ನು ಆರಿಸಲು ಅನುಕೂಲವಿಲ್ಲದವನಿಗೂ ಇಷ್ಟನ್ನು ಆರಿಸಿಕೊಳ್ಳಲು ಬರುತ್ತದೆ. ಇದಕ್ಕೆ ಅಂಗಡಿಗೆ ಹೋಗಬೇಕಾಗಿಲ್ಲ.